‘ಇದೆಯೇ’ ಎಂದು ಕೇಳುವ ಚಟ

ಫೈಲ್ ತೆರೆಯುವ ಮುನ್ನ ಅದು ಇದೆಯೇ ಎಂದು ನೋಡಿಕೊಳ್ಳಬೇಕು. ಸ್ಕ್ರಿಪ್ಟ್ ಬರೆಯಲು ಕಲಿತವರೆಲ್ಲ ಮೊದಲ ವಾರದಲ್ಲೇ ರೂಢಿಸಿಕೊಳ್ಳುವ ಶಿಸ್ತು ಇದು. ನನ್ನ ಪ್ರಕಾರ ಇದರಲ್ಲಿ ಎಚ್ಚರಕ್ಕಿಂತ ಹುಸಿ ಧೈರ್ಯವೇ ಹೆಚ್ಚು.

ಬ್ಯಾಶ್‌ನ ಒಂಟಿ ಚೌಕ ಆವರಣದೊಳಗೆ ‘ಮೈನಸ್ ಎಫ್’ ಎಂದು ಬರೆದು, ಪಕ್ಕದ ವೇರಿಯಬಲ್‌ಗೆ ಉದ್ಧರಣ ಚಿಹ್ನೆ ಹಾಕದೆ ಬಿಟ್ಟಿರಿ ಎನ್ನೋಣ. ವೇರಿಯಬಲ್ ಖಾಲಿಯಿದ್ದರೆ ಒಳಗೆ ಉಳಿಯುವುದು ‘ಮೈನಸ್ ಎಫ್’ ಎಂಬ ಒಂದೇ ಪದ. ಒಂಟಿ ಪದವೊಂದು ಖಾಲಿಯಲ್ಲದಿದ್ದರೆ ಸಾಕು, ಪರೀಕ್ಷೆ ಪಾಸು. ಹೀಗೆ ಹೆಸರೇ ಇಲ್ಲದ ಫೈಲ್ ‘ಇದೆ’ ಎಂದಾಗುತ್ತದೆ!

ಇದೇನೋ ಬರೆದವರ ಅಜಾಗರೂಕತೆ, ತಿದ್ದಿಕೊಳ್ಳಬಹುದು. ತಿದ್ದಲು ಬಾರದ ದೋಷ ಇರುವುದು ಪ್ರಶ್ನೆಯಲ್ಲೇ. ಪೈಥಾನ್‌ನ ‘ಎಕ್ಸಿಸ್ಟ್ಸ್’ ಹೌದು ಅಥವಾ ಇಲ್ಲ ಎನ್ನುತ್ತದೆ, ಮೂರನೆಯ ಮಾತಿಲ್ಲ. ಫೈಲ್ ಇದ್ದೂ ಅದನ್ನು ನೋಡಲು ಅನುಮತಿ ಇಲ್ಲದಿದ್ದರೆ ‘ಇಲ್ಲ’ ಎಂಬ ಉತ್ತರ ಬರಬಹುದೆಂದು ಅದರ ಅಧಿಕೃತ ಕೈಪಿಡಿಯೇ ಒಪ್ಪಿಕೊಂಡಿದೆ. ಗಣತಿಗೆ ಬಂದವನು ಗೇಟಿನ ಬೀಗ ನೋಡಿ ‘ಇಲ್ಲಿ ಯಾರೂ ವಾಸವಿಲ್ಲ’ ಎಂದು ಬರೆದುಕೊಂಡು ಹೋದಂತೆ. ಟರ್ಮಿನಲ್‌ನಲ್ಲಿ ಸರಿಯಾಗಿ ಓಡಿದ ಸ್ಕ್ರಿಪ್ಟ್ ಕ್ರಾನ್‌ನಲ್ಲಿ ಕೈಕೊಡುವುದಕ್ಕೆ ಅನೇಕ ಸಲ ಇದೇ ಕಾರಣ: ಓಡಿಸುವ ಬಳಕೆದಾರ ಬೇರೆ, ನಿಂತಿರುವ ಡೈರೆಕ್ಟರಿಯೂ ಬೇರೆ.

ಉತ್ತರ ಹಳಸಿರುವುದೂ ಉಂಟು. ಪಿಎಚ್‌ಪಿ ಒಮ್ಮೆ ‘ಇದೆ’ ಎಂದದ್ದನ್ನು ನೆನಪಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಬೇರೊಂದು ಪ್ರೋಗ್ರಾಂ ಆ ಫೈಲನ್ನು ಅಳಿಸಿದ್ದರೂ ಅದೇ ಹಳೆಯ ಮಾತು. ಲಿನಕ್ಸ್‌ನ ಎನ್‌ಎಫ್‌ಎಸ್ ಡೈರೆಕ್ಟರಿಯ ವಿವರಗಳನ್ನು ಸಾಮಾನ್ಯವಾಗಿ 30ರಿಂದ 60 ಸೆಕೆಂಡು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಇದಕ್ಕೆ ಮದ್ದೆಂದು ನಡುವೆ ಎರಡು ಸೆಕೆಂಡಿನ ‘ಸ್ಲೀಪ್’ ಸೇರಿಸುವವರನ್ನು ಕಂಡರೆ ನನಗೆ ಸಿಟ್ಟಿಗಿಂತ ಕನಿಕರವೇ ಹೆಚ್ಚು.

ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳಿಗೆ ಇನ್ನೊಂದು ಕಾಟವಿದೆ. ‘ಕೋಲಾರ’ದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ತುಂಡು ಮಾಡಿಯೇ ಇಡುತ್ತಿತ್ತು. ಲಿನಕ್ಸ್‌ನ ಸಾಮಾನ್ಯ ಫೈಲ್ ವ್ಯವಸ್ಥೆಗಳಿಗೆ ಹೆಸರೆಂದರೆ ಬರೀ ಬೈಟ್‌ಗಳ ಸಾಲು. ತೆರೆಯ ಮೇಲೆ ಎರಡೂ ‘ಕೋಲಾರ’ವೇ, ಪರೀಕ್ಷೆ ಮಾತ್ರ ‘ಇಲ್ಲ’ ಎನ್ನುತ್ತದೆ. ಹೆಸರನ್ನು ಬೈಟ್‌ಗಳಲ್ಲಿ ಬಿಡಿಸಿ ನೋಡದೆ ಈ ತಪ್ಪು ಸಿಗುವುದಿಲ್ಲ.

ಹಾಗಾದರೆ ಮಾಡುವುದೇನು? ಕೇಳದೆ ನೇರವಾಗಿ ತೆರೆಯಿರಿ. ಆಗದಿದ್ದರೆ ಕಾರಣವನ್ನು ಕರ್ನೆಲ್ಲೇ ಹೇಳುತ್ತದೆ: ಫೈಲ್ ಇಲ್ಲವೋ, ಅನುಮತಿ ಇಲ್ಲವೋ ಎಂಬುದು ಬೇರೆಬೇರೆಯಾಗಿ ತಿಳಿಯುತ್ತದೆ. ಹೊಸ ಫೈಲ್ ಸೃಷ್ಟಿಸಬೇಕೆಂದರೆ ಪೈಥಾನ್ 3.3ರಿಂದ ‘ಎಕ್ಸ್’ ಮೋಡ್ ಇದೆ. ಫೈಲ್ ಮೊದಲೇ ಇದ್ದರೆ ಅದು ಅಲ್ಲೇ ದೋಷ ಕೊಟ್ಟು ನಿಲ್ಲುತ್ತದೆ. ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಇನ್ನೊಬ್ಬರು ನುಸುಳಲು ಜಾಗವೇ ಇರುವುದಿಲ್ಲ.

ಪರೀಕ್ಷೆ ಎಲ್ಲ ಕಡೆಯೂ ವ್ಯರ್ಥವೆನ್ನಲಾರೆ. ಇಡೀ ರಾತ್ರಿ ಓಡುವ ಕೆಲಸಕ್ಕೆ ಮುಂಚೆ ಬೇಕಾದ ಫೈಲ್ ಕಾಣುತ್ತಿಲ್ಲ ಎಂದು ಸಂಜೆಯೇ ತಿಳಿಸಿದರೆ ಅದು ಉಪಕಾರವೇ. ಆದರೆ ಇನ್ನೊಂದು ಪ್ರೋಗ್ರಾಂ ಬರೆಯುವ ಫೈಲಿಗಾಗಿ ಕಾಯುವ ಸ್ಕ್ರಿಪ್ಟ್ ಇದನ್ನು ನಂಬಬಾರದು, ಏಕೆಂದರೆ ಅರ್ಧ ಬರೆದ ಫೈಲ್ ಕೂಡ ‘ಇದೆ’. ಅಲ್ಲಿ ತಿದ್ದಬೇಕಾದದ್ದು ಬರೆಯುವ ಕಡೆಯ ಕೋಡ್: ತಾತ್ಕಾಲಿಕ ಹೆಸರಿನಲ್ಲಿ ಪೂರ್ತಿ ಬರೆದು, ಅದೇ ಡೈರೆಕ್ಟರಿಯಲ್ಲಿ ನಿಜವಾದ ಹೆಸರಿಗೆ ಬದಲಿಸಬೇಕು.