ಯೋಗಿ ಬೆರಾ: ಮಾತಿನ ಮರೆಯಲ್ಲಿ ಉಳಿದ ಕ್ಯಾಚರ್

ಬೇಸ್‌ಬಾಲ್ ಪಂದ್ಯವನ್ನು ಒಮ್ಮೆಯೂ ನೋಡದವರಿಗೂ ಯೋಗಿ ಬೆರಾ ಅವರ ಒಂದೆರಡು ಮಾತು ಗೊತ್ತಿರುತ್ತದೆ. ಅವುಗಳನ್ನೇ ಪೋಣಿಸಿ ಅವರ ಆಟದ ದರ್ಶನವೆಂದು ಮುಂದಿಡುವ ರೂಢಿಗೆ ನನ್ನ ಒಪ್ಪಿಗೆಯಿಲ್ಲ. ತಮ್ಮ ಹೆಸರಿನಲ್ಲಿ ಓಡಾಡುವ ಮಾತುಗಳಲ್ಲಿ ಎಲ್ಲವೂ ತಮ್ಮವಲ್ಲವೆಂದು ಯೋಗಿಯವರೇ ಹೇಳಿದ್ದರು. ಬಾಲ್ಯದ ಗೆಳೆಯ ಜೋ ಗರಜಿಯೋಲ ಪ್ರಸಾರಕರಾದ ಮೇಲೆ ಹೇಳಿ ಹೇಳಿ ಬೆಳೆಸಿದ ಕಥೆಗಳ ಪಾಲೂ ಇದರಲ್ಲಿದೆ. ಯೋಗಿ ಆಟವನ್ನು ಹೇಗೆ ಕಂಡರೆಂದು ತಿಳಿಯಬೇಕಾದರೆ ಅವರ ಬಲಗೈ ಬೆರಳುಗಳನ್ನು ನೋಡಬೇಕು. ಕ್ರಿಕೆಟ್ಟಿನ ವಿಕೆಟ್ ಕೀಪರ್‌ಗೆ ಇಲ್ಲದ ಅಧಿಕಾರವೊಂದು ಕ್ಯಾಚರ್‌ಗಿದೆ: ಮುಂದಿನ ಎಸೆತ ಯಾವುದೆಂದು ಸೂಚಿಸುವವನು ಅವನು, ಯೋಗಿಯ ಕಾಲದಲ್ಲಿ ಬೆರಳಿನ ಸನ್ನೆಯಲ್ಲಿ.

1956ರ ಅಕ್ಟೋಬರ್ 8, ಬೇಸ್‌ಬಾಲ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯ. ಯೋಗಿಯ ತಂಡವಾದ ಯಾಂಕೀಸ್ ಪರ ಎಸೆದ ಡಾನ್ ಲಾರ್ಸನ್, ಬ್ರೂಕ್ಲಿನ್ ಡಾಡ್ಜರ್ಸ್‌ನ 27 ಬ್ಯಾಟರ್‌ಗಳಲ್ಲಿ ಒಬ್ಬರನ್ನೂ ಬೇಸ್ ಮುಟ್ಟಲು ಬಿಡಲಿಲ್ಲ. ಎಸೆದದ್ದು 97 ಚೆಂಡು. ಯೋಗಿಯ ಒಂದೇ ಒಂದು ಸನ್ನೆಗೂ ತಾವು ಒಲ್ಲೆ ಎನ್ನಲಿಲ್ಲವೆಂದು ಲಾರ್ಸನ್ ಹೇಳಿದ್ದಾರೆ. ಮೂರು ದಿನ ಹಿಂದೆ ಇದೇ ಲಾರ್ಸನ್ ಇದೇ ತಂಡದೆದುರು ನಾಲ್ವರಿಗೆ ಬಿಟ್ಟಿ ಬೇಸ್ ಕೊಟ್ಟು, ಎರಡನೇ ಇನ್ನಿಂಗ್ಸ್ ಮುಗಿಯುವ ಮೊದಲೇ ಹೊರನಡೆದಿದ್ದರು. ಅಂದೂ ಕ್ಯಾಚರ್ ಯೋಗಿಯೇ ಅಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಚೆಂಡೆಸೆಯುವ ಪಿಚರ್‌ನ ತೋಳಿಗೆ ಹಿಡಿತ ತಂದುಕೊಡುವುದು ಯಾವ ಕ್ಯಾಚರ್‌ಗೂ ಸಾಧ್ಯವಿಲ್ಲ. ಆದರೆ ಹಿಡಿತ ಸಿಕ್ಕ ದಿನ ಅದನ್ನು ಪೋಲಾಗಲು ಬಿಡದಿರುವುದು ಅವನ ಕೈಯಲ್ಲಿದೆ. ಅಂದು ಮೂರು ಬಾಲ್‌ವರೆಗೆ (ಗುರಿ ತಪ್ಪಿದ ಎಸೆತಗಳು; ನಾಲ್ಕಾದರೆ ಬಿಟ್ಟಿ ಬೇಸ್) ಎಳೆದವರು ಪೀ ವೀ ರೀಸ್ ಒಬ್ಬರೇ, ಅದೂ ಮೊದಲ ಇನ್ನಿಂಗ್ಸ್‌ನಲ್ಲಿ. ಮುಂದೆ ಡಾಡ್ಜರ್ಸ್‌ನ ಸ್ನೈಡರ್, ರಾಬಿನ್ಸನ್, ಕ್ಯಾಂಪನೆಲ್ಲಾರಂಥವರಿಗೂ ಕಾದು ಆಡುವ ಅವಕಾಶ ಸಿಗಲಿಲ್ಲ. ಯೋಚಿಸುವ ಭಾರವನ್ನು ಲಾರ್ಸನ್ ಪೂರ್ತಿಯಾಗಿ ಇಳಿಸಿಟ್ಟಿದ್ದರು, ಯೋಗಿ ಹೊತ್ತಿದ್ದರು. ಕೊನೆಯಲ್ಲಿ ಯೋಗಿ ಓಡಿಬಂದು ಲಾರ್ಸನ್ ಮೈಮೇಲೆ ಹಾರಿದ ಚಿತ್ರ ಎಲ್ಲೆಡೆ ಅಚ್ಚಾಗಿದೆ. ಅದರ ಹಿಂದಿನ 97 ನಿರ್ಧಾರಗಳ ಬಗ್ಗೆ ಬರೆದವರು ವಿರಳ.

ಕ್ಯಾಚರ್‌ನ ಈ ಚಾತುರ್ಯ ಯೋಗಿಗೆ ಹುಟ್ಟಿನಿಂದ ಬಂದದ್ದೂ ಅಲ್ಲ. 1947ರ ವರ್ಲ್ಡ್ ಸೀರೀಸ್‌ನಲ್ಲಿ ಡಾಡ್ಜರ್ಸ್ ಆಟಗಾರರು ಅವರ ಎದುರು ಮನಬಂದಂತೆ ಬೇಸ್ ಕದ್ದಿದ್ದರು. 1949ರಲ್ಲಿ ಹಿರಿಯ ಕ್ಯಾಚರ್ ಬಿಲ್ ಡಿಕಿ ಕೂರಿಸಿ ಕಲಿಸಿದರು, ಯೋಗಿ ಹಟ ಹಿಡಿದು ಕಲಿತರು.

ಇನ್ನು ಯೋಗಿಯ ಪರ ವಾದಿಸುವವರ ಜೊತೆಗೇ ನನ್ನ ಜಗಳ. 2015ರಲ್ಲಿ, ಆಗ ಬದುಕಿದ್ದವರಲ್ಲಿ ನಾಲ್ವರು ಶ್ರೇಷ್ಠರನ್ನು ಅಭಿಮಾನಿಗಳ ಮತದಿಂದ ಆರಿಸಿದಾಗ ಯೋಗಿ ಆ ಪಟ್ಟಿಯಲ್ಲಿರಲಿಲ್ಲ. ಆ ಅನ್ಯಾಯದಿಂದ ಹೊರಡುವ 2022ರ ಸಾಕ್ಷ್ಯಚಿತ್ರದ ಸಿಟ್ಟು ಸರಿಯಾದದ್ದೇ. ಆದರೆ ಅದು ತನ್ನ ಶೀರ್ಷಿಕೆಯನ್ನೇ ಅವರ ಮಾತಿನಿಂದ ಎತ್ತಿಕೊಂಡಿದೆ! ಕ್ಯಾಚರ್‌ಗಳಲ್ಲಿ ಯೋಗಿಗೆ ಮೊದಲ ಸ್ಥಾನ ಕೊಟ್ಟ ಬೇಸ್‌ಬಾಲ್ ವಿಶ್ಲೇಷಕ ಬಿಲ್ ಜೇಮ್ಸ್ ಅವರ ಹಾದಿ ಹಿಡಿದವರು ಅಂಕಿಅಂಶಗಳ ಮೊರೆ ಹೋಗುತ್ತಾರೆ: 358 ಹೋಮ್ ರನ್, 10 ವಿಶ್ವ ಕಿರೀಟ, ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರ. ಎಲ್ಲವೂ ನಿಜ. 1950ರಲ್ಲಿ ಸುಮಾರು 600 ಸಲ ಬ್ಯಾಟ್ ಹಿಡಿದು 12 ಬಾರಿ ಮಾತ್ರ ಸ್ಟ್ರೈಕ್ ಔಟ್ ಆದದ್ದಂತೂ ಇಂದು ನಂಬಲಾಗದ ಸಾಧನೆ. ಆದರೆ ಸನ್ನೆಗಳಿಗೆ ಅಂಕಣವಿಲ್ಲ. ಅಂಕಣವಿಲ್ಲದ್ದನ್ನು ಬೆಲೆಯಿಲ್ಲದ್ದೆಂದು ಬಗೆಯುವುದು ವಿಮರ್ಶೆಯ ಸೋಮಾರಿತನ.

1956ರ ಆ ಪಂದ್ಯದ ಪ್ರಸಾರದ ದಾಖಲೆ, ಮೊದಲ ಇನ್ನಿಂಗ್ಸ್ ಹೊರತು, ಉಳಿದುಕೊಂಡಿದೆ. ಯೋಗಿಯ ಮಾತುಗಳ ಸಂಕಲನ ಕೊಳ್ಳುವ ಮೊದಲು ಅದನ್ನು ನೋಡಿ. ಪ್ರತಿ ಎಸೆತಕ್ಕೂ ಮುನ್ನ ಕ್ಯಾಚರ್‌ನ ಗವಸು ಎಲ್ಲಿ ನಿಲ್ಲುತ್ತದೆಂದು ಗಮನಿಸಿ.