ಫೋನಿನ ಗುಣಪಟ್ಟಿ: ಹೇಳುವುದೇನು, ಬಿಡುವುದೇನು?

ಬೆಂಗಳೂರು ದಂಡು ಪ್ರದೇಶದ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಬಟ್ಟೆ ಕೊಳ್ಳುವವರನ್ನು ನೀವು ನೋಡಿರಬಹುದು. ಸೆರಗನ್ನು ಬೆರಳುಗಳ ನಡುವೆ ಉಜ್ಜುತ್ತಾರೆ, ಬೆಳಕಿಗೆ ಹಿಡಿದು ನೇಯ್ಗೆ ಪರೀಕ್ಷಿಸುತ್ತಾರೆ, ಬಣ್ಣ ಬಿಡುವುದೇ ಎಂದು ವಿಚಾರಿಸುತ್ತಾರೆ. ಚೌಕಾಸಿ ಆರಂಭವಾಗುವುದು ಅದಾದ ಮೇಲೆಯೇ. ಸ್ಪರ್ಶಪರದೆಯ ಫೋನು ಕೊಳ್ಳುವಾಗ ಮಾತ್ರ ನಾವು ಇಷ್ಟು ಜಾಗರೂಕರಲ್ಲ. ಪಕ್ಕದಲ್ಲಿಟ್ಟ ಗುಣಪಟ್ಟಿಯನ್ನು ಓದಿ, ಅಂಕಿ ದೊಡ್ಡದಾದಷ್ಟೂ ಫೋನು ಒಳ್ಳೆಯದೆಂದು ತೀರ್ಮಾನಿಸಿಬಿಡುತ್ತೇವೆ. ಅಧ್ಯಾಪಕರೊಬ್ಬರ ತಿಂಗಳ ಸಂಬಳದ ಗಣನೀಯ ಭಾಗ ಇದಕ್ಕೆ ಹೋಗುತ್ತದೆ. ಆದ್ದರಿಂದ ಪುಸ್ತಕವನ್ನು ವಿಮರ್ಶಿಸುವಂತೆ ಈ ಗುಣಪಟ್ಟಿಯನ್ನೇ ವಿಮರ್ಶೆಗೆ ಎತ್ತಿಕೊಳ್ಳೋಣ. ಅದರಲ್ಲಿರುವುದು ಸುಳ್ಳೇ? ಬಹುಪಾಲು ಅಲ್ಲ. ಆದರೆ ಎಣಿಸಲು ಸುಲಭವಾದುದನ್ನು ಅದು ಎಣಿಸುತ್ತದೆ. ನಮಗೆ ಬೇಕಾದುದನ್ನು ಹೇಳುವುದಿಲ್ಲ.

ಪರದೆ

ಇಂದಿನ ಸ್ಪರ್ಶಪರದೆ ಧಾರಕತೆಯ ತತ್ತ್ವದಿಂದ ಕೆಲಸ ಮಾಡುತ್ತದೆ. ಗಾಜಿನ ಅಡಿಯಲ್ಲಿ ಪಾರದರ್ಶಕ ವಾಹಕದ ಅಡ್ಡ ಮತ್ತು ಉದ್ದ ಪಟ್ಟಿಗಳ ಜಾಲವಿರುತ್ತದೆ. ನಮ್ಮ ಬೆರಳೂ ವಾಹಕವೇ. ಅದು ಹತ್ತಿರ ಬಂದಾಗ ಆ ಸ್ಥಳದಲ್ಲಿ ಪಟ್ಟಿಗಳ ನಡುವಿನ ಧಾರಕತೆ ಒಂದು ಪಿಕೊಫ್ಯಾರಡ್‌ಗಿಂತಲೂ ಕಡಿಮೆಯಷ್ಟು ಬದಲಾಗುತ್ತದೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಸೆಕೆಂಡಿಗೆ ನೂರಾರು ಬಾರಿ ಅಳೆದು ಬೆರಳಿನ ಸ್ಥಾನವನ್ನು ಲೆಕ್ಕ ಹಾಕುವುದು ನಿಜಕ್ಕೂ ಮೆಚ್ಚತಕ್ಕ ಸಾಧನೆ. ಮಳೆಹನಿ ಬಿದ್ದಾಗ ಪರದೆ ತಡವರಿಸುವುದೂ, ಹತ್ತಿಯ ಕೈಗವಸು ತೊಟ್ಟಾಗ ಸುಮ್ಮನಿರುವುದೂ ಇದೇ ತತ್ತ್ವದ ಫಲ.

ಗುಣಪಟ್ಟಿಯಲ್ಲಿ ಇರುವುದು '120 ಹರ್ಟ್ಸ್' ಎಂಬ ಅಂಕಿ. ಇದು ಚಿತ್ರ ಬದಲಾಗುವ ದರವೇ ಹೊರತು ಸ್ಪರ್ಶಕ್ಕೆ ಪರದೆ ಸ್ಪಂದಿಸುವ ವೇಗವಲ್ಲ. ಅದನ್ನು ನೀವೇ ಅಳೆಯಬಹುದು. ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬೆರಳನ್ನು ವೇಗವಾಗಿ ಎಳೆಯಿರಿ. ಇನ್ನೊಂದು ಫೋನಿನಿಂದ ನಿಧಾನಗತಿಯ ಚಲನಚಿತ್ರ ತೆಗೆಯಿರಿ. ಬೆರಳಿನ ವೇಗ ಸೆಕೆಂಡಿಗೆ 30 ಸೆಂಟಿಮೀಟರ್ ಇದ್ದು, ಗೆರೆ 2 ಸೆಂಟಿಮೀಟರ್ ಹಿಂದೆ ಬಿದ್ದಿದ್ದರೆ ವಿಳಂಬ ಸುಮಾರು 0.07 ಸೆಕೆಂಡ್.

ಕ್ಯಾಮೆರಾ

'200 ಮೆಗಾಪಿಕ್ಸೆಲ್' ಎಂಬ ಘೋಷಣೆಯನ್ನು ವಿವರ್ತನೆಯ ಪಾಠ ಓದಿದ ಯಾವ ವಿದ್ಯಾರ್ಥಿಯಾದರೂ ಪ್ರಶ್ನಿಸಬಹುದು. ಬಿಂದುವಿನಂಥ ಬೆಳಕು ಮಸೂರದ ಮೂಲಕ ಬಂದಾಗ ಬಿಂದುವಾಗಿ ಮೂಡದೆ ಸಣ್ಣ ಬಿಲ್ಲೆಯಾಗಿ ಹರಡುತ್ತದೆ. ಬಿಲ್ಲೆಯ ವ್ಯಾಸ ತರಂಗದೂರ ಮತ್ತು ಎಫ್-ಸಂಖ್ಯೆಗಳ ಗುಣಲಬ್ಧದ 2.44ರಷ್ಟು. ಹಸಿರು ಬೆಳಕಿಗೆ 0.55 ಮೈಕ್ರೊಮೀಟರ್, ಎಫ್-ಸಂಖ್ಯೆ 1.8 ಎಂದಿಟ್ಟುಕೊಂಡರೆ ವ್ಯಾಸ ಸುಮಾರು 2.4 ಮೈಕ್ರೊಮೀಟರ್. ಇಂಥ ಕ್ಯಾಮೆರಾದ ಒಂದು ಪಿಕ್ಸೆಲ್ಲಿನ ಅಗಲವಾದರೋ ಸುಮಾರು 0.6 ಮೈಕ್ರೊಮೀಟರ್. ಅಂದರೆ ಒಂದೇ ಬಿಂದುವಿನ ಬೆಳಕು ಅಡ್ಡಡ್ಡಲಾಗಿ ನಾಲ್ಕು ಪಿಕ್ಸೆಲ್‌ಗಳನ್ನು ಆವರಿಸುತ್ತದೆ. ಪಿಕ್ಸೆಲ್ ಹೆಚ್ಚಿಸಿದ ಮಾತ್ರಕ್ಕೆ ಅದೇ ಪ್ರಮಾಣದಲ್ಲಿ ವಿವರ ಹೆಚ್ಚುವುದಿಲ್ಲ.

ತಯಾರಕರಿಗೂ ಇದು ಗೊತ್ತು. ಆದ್ದರಿಂದಲೇ ಇಂಥ ಫೋನುಗಳು ಸಾಮಾನ್ಯವಾಗಿ 16 ಪಿಕ್ಸೆಲ್‌ಗಳನ್ನು ಒಂದಾಗಿ ಕೂಡಿಸಿ 12.5 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತವೆ. ಮಂದ ಬೆಳಕಿನಲ್ಲಿ ಈ ಕೂಡಿಕೆಯಿಂದ ಪ್ರಯೋಜನವೂ ಉಂಟು. ನಿಜವಾಗಿ ಕೇಳಬೇಕಾದುದು ಸಂವೇದಕದ ಒಟ್ಟು ಗಾತ್ರವೆಷ್ಟು, ಮಸೂರ ಎಷ್ಟು ಬೆಳಕು ಕೂಡಿಸುತ್ತದೆ ಎಂಬುದನ್ನು.

ಬ್ಯಾಟರಿ ಮತ್ತು ಚಿಪ್

'5000 ಮಿಲಿಆಂಪಿಯರ್-ಗಂಟೆ' ಎಂಬುದು ಶಕ್ತಿಯಲ್ಲ, ವಿದ್ಯುದಾವೇಶ: 18,000 ಕೂಲಂಬ್. ವಿಭವಾಂತರದಿಂದ ಗುಣಿಸಿದಾಗಲೇ ಶಕ್ತಿ ತಿಳಿಯುವುದು. 3.85 ವೋಲ್ಟ್ ಎಂದರೆ ಸುಮಾರು 19 ವ್ಯಾಟ್-ಗಂಟೆ. '20,000' ಎಂದು ಬರೆದ ಪವರ್ ಬ್ಯಾಂಕಿನ ಒಳಗಿನ ಕೋಶದ ವಿಭವ 3.7 ವೋಲ್ಟ್, ಅದು ಹೊರಗೆ ಕೊಡುವುದು 5 ವೋಲ್ಟ್‌ನಲ್ಲಿ. ನಷ್ಟ ಏನೂ ಇಲ್ಲವೆಂದರೂ ನಿಮಗೆ ದೊರೆಯುವುದು 14,800 ಮಾತ್ರ. ಆವೇಶಕ್ಕೂ ಶಕ್ತಿಗೂ ಇರುವ ಭೇದವನ್ನು ತರಗತಿಯಲ್ಲಿ ವಿವರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

'4 ನ್ಯಾನೊಮೀಟರ್ ಚಿಪ್' ಎಂಬುದು ಇನ್ನೂ ವಿಚಿತ್ರ. ಅದು ಟ್ರಾನ್ಸಿಸ್ಟರಿನ ಯಾವುದೇ ನಿರ್ದಿಷ್ಟ ಭಾಗದ ಅಳತೆಯಲ್ಲ, ಒಂದು ತಲೆಮಾರಿನ ಹೆಸರಷ್ಟೆ. ಅಂಥ ಚಿಪ್‌ನಲ್ಲಿ ಅಕ್ಕಪಕ್ಕದ ಗೇಟುಗಳ ನಡುವಿನ ಅಂತರ 50 ನ್ಯಾನೊಮೀಟರಿನ ಆಸುಪಾಸಿನಲ್ಲಿರುತ್ತದೆ. '8+8 ಜಿಬಿ ರ‍್ಯಾಮ್' ಎಂದಾಗ ಎರಡನೆಯ 8 ರ‍್ಯಾಮ್ ಅಲ್ಲವೇ ಅಲ್ಲ. ಹಲವು ಪಟ್ಟು ನಿಧಾನವಾದ ಸಂಗ್ರಹ ಸ್ಮೃತಿಯಿಂದ ಕಡ ತಂದದ್ದು.

ಪಟ್ಟಿಯಲ್ಲಿ ಇಲ್ಲದ್ದು

ವಿಜ್ಞಾನ ಬೋಧಿಸುವವರಿಗೆ ಫೋನಿನ ಅತ್ಯಂತ ಬೆಲೆಬಾಳುವ ಭಾಗ ಯಾವುದು? ನನ್ನ ಅಭಿಪ್ರಾಯದಲ್ಲಿ ಅದರೊಳಗಿನ ಸಂವೇದಕಗಳು: ವೇಗೋತ್ಕರ್ಷಮಾಪಕ, ಭ್ರಮಣದರ್ಶಕ, ಕಾಂತಕ್ಷೇತ್ರಮಾಪಕ, ಕೆಲವು ಫೋನುಗಳಲ್ಲಿ ವಾಯುಭಾರಮಾಪಕ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯ 2016ರಲ್ಲಿ ಬಿಡುಗಡೆ ಮಾಡಿದ ಫೈಫಾಕ್ಸ್ ಎಂಬ ಉಚಿತ ತಂತ್ರಾಂಶದಿಂದ ಇವುಗಳ ಅಳತೆಯನ್ನು ನೇರವಾಗಿ ಓದಬಹುದು.

ಒಂದು ಪ್ರಯೋಗ ನೋಡಿ. ಫೋನನ್ನು ಸಮತಟ್ಟಾದ ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟು ಲಂಬ ದಿಕ್ಕಿನ ಅಳತೆ ಬರೆದುಕೊಳ್ಳಿ. ನಂತರ ಮಗುಚಿ ಇಟ್ಟು ಮತ್ತೆ ಬರೆದುಕೊಳ್ಳಿ. ಎರಡರ ವ್ಯತ್ಯಾಸದ ಅರ್ಧ ತೆಗೆದರೆ ಮಾಪಕದ ಶೂನ್ಯದೋಷ ತಾನಾಗಿ ಕಳೆದುಹೋಗುತ್ತದೆ. ಬೆಂಗಳೂರಿನಲ್ಲಿ ಗುರುತ್ವ ವೇಗೋತ್ಕರ್ಷ 9.78, ಪಠ್ಯಪುಸ್ತಕದ 9.8ಕ್ಕಿಂತ ತುಸು ಕಡಿಮೆ. ನಿಮ್ಮ ಉತ್ತರ ಎಷ್ಟು ಹತ್ತಿರ ಬಂತು? ಬರದಿದ್ದರೆ ಏಕೆ? ಈ ಚರ್ಚೆಯೇ ಒಂದು ಪಾಠ. ವಾಯುಭಾರಮಾಪಕವಿದ್ದರೆ ಒಂದು ಮಹಡಿ ಹತ್ತಿದಾಗ ಒತ್ತಡ ಸುಮಾರು 0.3 ಹೆಕ್ಟೊಪ್ಯಾಸ್ಕಲ್ ಇಳಿಯುವುದು ಕಾಣುತ್ತದೆ. ಉಪಕರಣಗಳ ಕಪಾಟು ಬರಿದಾಗಿರುವ ಶಾಲೆಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ಬೆಲೆ ಇಳಿಸಲು ಮೊದಲು ಕೈಬಿಡುವುದೂ ಇವುಗಳನ್ನೇ. ಭ್ರಮಣದರ್ಶಕವಿಲ್ಲದ, ಕಾಂತಕ್ಷೇತ್ರಮಾಪಕವಿಲ್ಲದ ಫೋನುಗಳುಂಟು. ಪೆಟ್ಟಿಗೆಯ ಮೇಲೆ ಮೆಗಾಪಿಕ್ಸೆಲ್ ದಪ್ಪ ಅಕ್ಷರದಲ್ಲಿದ್ದರೆ, ಸಂವೇದಕಗಳ ಹೆಸರು ಹುಡುಕಿದರೂ ಸಿಗುವುದು ಅಪರೂಪ.

ಬೆಂಗಳೂರಿನದೇ ಒಂದು ಹೋಲಿಕೆ

ಸ್ಪರ್ಶಪರದೆಯ ಕೈಗಣಕವನ್ನು ಬೆಂಗಳೂರು ಐಫೋನ್‌ಗಿಂತ ಮೊದಲೇ ಕಂಡಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ರೂಪಿಸಿದ ಸಿಂಪ್ಯೂಟರ್‌ನ ಮಾದರಿ 2001ರಲ್ಲಿ ಪ್ರಕಟವಾಯಿತು. 2004ರಲ್ಲಿ ಪಿಕೊಪೀಟಾ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗಳು ಅದರ 'ಅಮಿಡಾ' ರೂಪವನ್ನು ಸುಮಾರು 10 ಸಾವಿರ ರೂಪಾಯಿಯಿಂದ ಆರಂಭಿಸಿ ಮಾರಾಟಕ್ಕೆ ತಂದವು. ಅದರ ಸಂಸ್ಕಾರಕದ ವೇಗ 206 ಮೆಗಾಹರ್ಟ್ಸ್. ಇಂದು ನಗು ಬರಿಸುವ ಅಂಕಿ. ಆದರೆ ಅದರ ವಿನ್ಯಾಸ ಬೇರೊಂದು ಪ್ರಶ್ನೆಯಿಂದ ಹೊರಟಿತ್ತು: ಇದರಿಂದ ಯಾರು ಏನು ಮಾಡಬಲ್ಲರು? ಕನ್ನಡದಂಥ ಭಾಷೆಗಳಲ್ಲಿ ಬಳಸಬಹುದೇ? ಸ್ಮಾರ್ಟ್‌ಕಾರ್ಡ್ ನೆರವಿನಿಂದ ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಬಹುದೇ? ಅಮಿಡಾದಲ್ಲಿ ಚಲನೆಯ ಸಂವೇದಕವೂ ಇತ್ತು.

ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅದು ಫೋನಾಗಿರಲಿಲ್ಲ; ಅದೇ ವರ್ಷಗಳಲ್ಲಿ ಅಗ್ಗದ ಮೊಬೈಲ್ ಫೋನುಗಳು ಮನೆಮನೆಗೆ ಬಂದವು. ಸದುದ್ದೇಶವೊಂದೇ ಯಂತ್ರವನ್ನು ಗೆಲ್ಲಿಸದು. ಆದರೂ ಇಂದಿನ ಫೋನುಗಳು ಅದರ ಅಂಕಿಗಳನ್ನೆಲ್ಲ ಬಹುದೂರ ಹಿಂದಿಕ್ಕಿರುವಾಗ, ಅದು ಕೇಳಿದ ಪ್ರಶ್ನೆಯನ್ನು ಗುಣಪಟ್ಟಿ ಕೈಬಿಟ್ಟಿರುವುದು ವಿಷಾದದ ಸಂಗತಿ.

ನೀವು ಕೇಳಬೇಕಾದುದು

ಅಗತ್ಯ ಅಂಕಿಗಳನ್ನು ಕಾನೂನಿನಿಂದ ಹೇಳಿಸಬಹುದು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ಫೋನುಗಳ ಮೇಲೆ ಬ್ಯಾಟರಿಯ ಬಾಳಿಕೆ, ಬಿದ್ದರೆ ತಾಳುವ ಶಕ್ತಿ, ದುರಸ್ತಿಯ ಸುಲಭತೆ ತಿಳಿಸುವ ಚೀಟಿ ಕಡ್ಡಾಯ. ಬ್ಯಾಟರಿ 800 ಆವರ್ತಗಳ ನಂತರವೂ 80 ಪ್ರತಿಶತ ಸಾಮರ್ಥ್ಯ ಉಳಿಸಿಕೊಂಡಿರಬೇಕು. ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ತಂತ್ರಾಂಶದ ಪರಿಷ್ಕರಣೆ ದೊರೆಯಬೇಕು. ನಮ್ಮಲ್ಲಿಯೂ ಫೋನುಗಳ ವಿಕಿರಣ ಹೀರಿಕೆಗೆ ಕಿಲೋಗ್ರಾಮಿಗೆ 1.6 ವ್ಯಾಟ್ ಎಂಬ ಮಿತಿ 2012ರಿಂದ ಜಾರಿಯಲ್ಲಿದೆ. *#07# ಒತ್ತಿದರೆ ಆ ಅಂಕಿಯನ್ನು ಫೋನೇ ತೋರಿಸುತ್ತದೆ. ಸಂವೇದಕಗಳ ಪಟ್ಟಿಯನ್ನೂ ಹೀಗೆಯೇ ತೋರಿಸಲು ತಾಂತ್ರಿಕ ಅಡ್ಡಿ ಏನೂ ಇಲ್ಲ.

ಅಲ್ಲಿಯವರೆಗೆ, ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿ. ಯಾವ ಯಾವ ಸಂವೇದಕಗಳಿವೆ? ಭದ್ರತಾ ಪರಿಷ್ಕರಣೆ ಎಷ್ಟು ವರ್ಷ ಬರುತ್ತದೆ? ಬ್ಯಾಟರಿ ಬದಲಿಸಲು ಎಷ್ಟು ಖರ್ಚು? ರ‍್ಯಾಮ್ ನಿಜವಾಗಿ ಎಷ್ಟು? ಉತ್ತರ ಸಿಗದಿದ್ದರೆ ಅದೂ ಒಂದು ಉತ್ತರವೇ.

ಅಧ್ಯಾಪಕ ಮಿತ್ರರಲ್ಲಿ ಒಂದು ಸೂಚನೆ. ವಿದ್ಯಾರ್ಥಿಗಳು ತಮ್ಮ ಮನೆಯ ಫೋನುಗಳ ಸಂವೇದಕಗಳನ್ನೂ, ಮೇಲಿನ ಪ್ರಯೋಗದಲ್ಲಿ ಬಂದ ಗುರುತ್ವದ ಬೆಲೆಯನ್ನೂ, ಕೊಂಡ ವರ್ಷವನ್ನೂ ಒಂದು ಕೋಷ್ಟಕದಲ್ಲಿ ತುಂಬಲಿ. ಅದನ್ನು ಶಾಲೆಯ ಸೂಚನಾ ಫಲಕದಲ್ಲಿ ಹಾಕಿ. ಮುಂದಿನ ಫೋನು ಕೊಳ್ಳುವ ಪೋಷಕರಿಗೆ ಯಾವ ಜಾಹೀರಾತಿಗಿಂತಲೂ ಅದು ಹೆಚ್ಚು ಉಪಯುಕ್ತವಾದೀತು.