ಅಪ್ಪಾಜಿಯ ಕಣ್ಣು, ಹುಡುಗನ ಕಾಯಿಲೆ

ಕೃಷ್ಣದೇವರಾಯನ ಕತೆ ಹೇಳುವವರಿಗೆ ಅವನ ಮಗ ತಿರುಮಲರಾಯ ಬೇಕಾಗುವುದು ಸಾಯಲಿಕ್ಕೆ ಮಾತ್ರ. ಹುಡುಗನಿಗೆ ಪಟ್ಟ ಕಟ್ಟಿ, ವಿಷ ಕುಡಿಸಿ ಮುಗಿಸಿದರೆ ಆಯಿತು. ಅಲ್ಲಿಂದಾಚೆ ರಂಗವೆಲ್ಲ ರಾಯನ ಮಂತ್ರಿ ಅಪ್ಪಾಜಿ ತಿಮ್ಮರಸುವಿನದು. 1962ರ ತೆಲುಗು ಚಿತ್ರದ ಹೆಸರೇ ‘ಮಹಾಮಂತ್ರಿ ತಿಮ್ಮರುಸು’. ಹುಡುಗನ ಸಾವಿನ ಆರೋಪ ಹೊತ್ತು ರಾಯನಿಂದಲೇ ಕಣ್ಣು ಕಳೆದುಕೊಂಡ ಮಂತ್ರಿಗಾಗಿ ನಾವು ಸಾಕಷ್ಟು ಅತ್ತಿದ್ದೇವೆ.

ಈ ಕತೆಯ ಬೇರು, ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ 1535ರ ಸುಮಾರಿಗೆ ಬರೆದಿಟ್ಟ ವೃತ್ತಾಂತ. 1900ರಲ್ಲಿ ರಾಬರ್ಟ್ ಸಿವೆಲ್ ಅದನ್ನು ಇಂಗ್ಲಿಷಿಗೆ ತಂದ ಮೇಲೆ ಅದಕ್ಕೆ ಶಾಸನದಷ್ಟೇ ಮರ್ಯಾದೆ ಬಂತು. ನಾಯಕರ ಕಂದಾಯ, ಸೈನ್ಯದ ಲೆಕ್ಕಕ್ಕೆ ನೂನಿಜ್ ಬೇಕು, ಒಪ್ಪೋಣ. ಈ ಸಾವಿನ ವಿಷಯದಲ್ಲಿ ಮಾತ್ರ ಅವನು ಅಷ್ಟು ಮರ್ಯಾದೆಗೆ ಅರ್ಹನಲ್ಲ.

ಆ ಪುಟವನ್ನು ನಿಧಾನಕ್ಕೆ ಓದಿ. ರಾಯ ಆರು ವರ್ಷದ ಮಗನಿಗೆ ರಾಜ್ಯ ಒಪ್ಪಿಸಿ, ತಾನೇ ಅವನ ಮಂತ್ರಿಯಾಗಿ ನಿಂತು, ಅವನಿಗೆ ನಮಸ್ಕರಿಸುತ್ತಾನೆ. ತಿಮ್ಮರಸು ಸಲಹೆಗಾರನ ಜಾಗಕ್ಕೆ ಸರಿಯುತ್ತಾನೆ. ಎಂಟು ತಿಂಗಳು ಉತ್ಸವ. ಅದರ ನಡುವೆಯೇ ಹುಡುಗ ಕಾಯಿಲೆ ಬಿದ್ದು ತೀರಿಕೊಳ್ಳುತ್ತಾನೆ. ಇಲ್ಲಿಯವರೆಗೆ ವಿಷದ ಸೊಲ್ಲೇ ಇಲ್ಲ. ವಿಷ ಬರುವುದು ಸತ್ತ ಮೇಲೆ, ರಾಯನಿಗೆ ಸುದ್ದಿ ತಿಳಿದಾಗ; ಕೊಟ್ಟವನು ತಿಮ್ಮರಸು ಅಲ್ಲ, ಅವನ ಮಗ. ಸಾಕ್ಷಿ ಯಾರು? ವೈದ್ಯರು ಏನೆಂದರು? ನೂನಿಜ್ ಒಂದು ಮಾತೂ ಆಡುವುದಿಲ್ಲ. ರಾಯ ಸಭೆಯಲ್ಲಿ ಮಂತ್ರಿಯನ್ನು ಜರೆದ ಮಾತನ್ನು ಮಾತ್ರ ಪಕ್ಕದಲ್ಲೇ ನಿಂತು ಕೇಳಿಸಿಕೊಂಡವನಂತೆ ಉದ್ದಕ್ಕೆ ಬರೆಯುತ್ತಾನೆ! ಮಂತ್ರಿಯನ್ನು ಸೆರೆಹಿಡಿಯಲು ಕುದುರೆ ತಂದಿದ್ದ ಪೋರ್ಚುಗೀಸರು ನೆರವಾದರೆಂದು ಹೇಳುವವನೂ ಅವನೇ. ಕತೆ ಅವನ ಕಿವಿಗೆ ಬಿದ್ದದ್ದು ಹಿಡಿದುಕೊಟ್ಟವರ ಕಡೆಯಿಂದಲೇ ಇರಬೇಕು.

ಇನ್ನು ತಿಮ್ಮರಸುವಿನ ವಕೀಲರು. ಇವರು ವಿಷವನ್ನು ಹಾಗೇ ಉಳಿಸಿಕೊಂಡು ಕೊಟ್ಟ ಕೈಯನ್ನಷ್ಟೇ ಬದಲಾಯಿಸುತ್ತಾರೆ. ಕಳಿಂಗದ ಅರಸ ಗಜಪತಿಯ ಸಂಚು ಎನ್ನುತ್ತಾರೆ. ವಿಷ ತೆಗೆದರೆ ಮಂತ್ರಿಯ ದುರಂತ ಸಪ್ಪೆಯಾದೀತೆಂಬ ಭಯ ಅವರಿಗೆ. ಅಲ್ಲ ಸ್ವಾಮಿ, ವಿಷವೇ ಇಲ್ಲದೆ ಕಣ್ಣು ಕೀಳಿಸಿದ್ದರೆ ಅದು ಇನ್ನೂ ಘೋರವಲ್ಲವೆ? ಅಂಥದ್ದು ಬೇರೆಡೆ ನಡೆದೂ ಇದೆ: 1536ರಲ್ಲಿ ಫ್ರಾನ್ಸಿನ ಯುವರಾಜ ಫ್ರಾನ್ಸಿಸ್ ಆಟವಾಡಿ ಬಂದು ತಣ್ಣೀರು ಕುಡಿದ, ಕಾಯಿಲೆ ಬಿದ್ದ, ಹದಿನೆಂಟಕ್ಕೇ ಸತ್ತ. ನೀರು ತಂದಿತ್ತ ಮಾಂಟೆಕುಕ್ಕೊಲಿಯಿಂದ ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಗೆ ಪಡೆದು, ಲಿಯೋನ್‌ನಲ್ಲಿ ಕುದುರೆಗಳಿಂದ ಸೀಳಿಸಿದರು. ಇಂದಿನ ಇತಿಹಾಸಕಾರರು ಆ ಸಾವನ್ನು ಕಾಯಿಲೆಯ ಲೆಕ್ಕಕ್ಕೇ ಹಾಕುತ್ತಾರೆ. ನಮ್ಮಲ್ಲಿ ವಿಷ ಯಾರದೆಂಬ ಜಗಳವೇ ಇನ್ನೂ ಮುಗಿದಿಲ್ಲ.

1524ರ ಶಾಸನಗಳಲ್ಲಿ ತಿರುಮಲರಾಯನ ಹೆಸರು ಅರಸನೆಂದೇ ಇದೆ. ಅಂಥ ಅರಸನ ಎದುರು ಕಳಿಂಗದವರೆಗೆ ದಂಡೆತ್ತಿ ಹೋಗಿದ್ದ ಅಪ್ಪ ತಲೆಬಾಗಿ ನಿಂತಿದ್ದಾನೆ, ಹೊರಗೆ ಉತ್ಸವ ನಿಂತಿಲ್ಲ, ಒಳಗೆ ಮಗುವಿಗೆ ಮೈ ಸರಿಯಿಲ್ಲ. ಇಷ್ಟು ಒಳ್ಳೆಯ ಅಂಕ ಕೈಯಲ್ಲಿದ್ದರೂ, ನಾನು ಕಂಡ ನಾಟಕಗಳು ಅದನ್ನು ಹಾರಿ ಸೀದಾ ಸೆರೆಮನೆಗೆ ಹೋಗುತ್ತವೆ.